ಒಂದನೇ ತರಗತಿಯ ಮಗುವಿಗೆ ಮನೆಯೇ ಮೊದಲ ಔಷಧಿ

ಶಾಲೆ ಆರಂಭವಾಗಿ ತಿಂಗಳು ಕಳೆಯುವಷ್ಟರಲ್ಲಿ ನನ್ನ ದವಾಖಾನೆಗೆ ಒಂದು ಬೇಡಿಕೆ ತಪ್ಪದೆ ಬರುತ್ತದೆ: "ಹಕೀಮ್ ಸಾಬ್, ಮಗು ಒಂದನೇ ಕ್ಲಾಸಿಗೆ ಹೋಗ್ತಿದೆ, ಏನೂ ತಲೆಗೆ ಹತ್ತುತ್ತಿಲ್ಲ. ನೆನಪಿನ ಶಕ್ತಿಗೆ ಏನಾದರೂ ಕೊಡಿ."

ಕೆಲವು ವರ್ಷಗಳ ಹಿಂದೆ ಕಬ್ಬಾಳಿನ ಕಡೆಯಿಂದ ಒಬ್ಬ ತಂದೆ ಆರು ವರ್ಷದ ಮಗನನ್ನು ಕರೆತಂದು ಇದನ್ನೇ ಕೇಳಿದರು. ಹುಡುಗ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಕರೆದರೆ ತಿರುಗುವುದಿಲ್ಲ ಎಂಬ ದೂರು. ನಾನು ಖಮೀರಾ ಗಾವ್‌ಜಬಾನ್ ಕೊಟ್ಟು ಕಳಿಸಿದೆ. ಮೂರು ವಾರದ ಬಳಿಕ ತಾಯಿ ಬಂದರು. ನಾನು ಮಾತಾಡಿಸಿದಾಗಲೆಲ್ಲ ಮಗು ಒಂದೇ ಕಡೆಗೆ ಮುಖ ತಿರುಗಿಸಿ ಕೇಳಿಸಿಕೊಳ್ಳುವುದು ಆಗ ಕಣ್ಣಿಗೆ ಬಿತ್ತು. ಕಿವಿ ನೋಡಿದೆ. ಎಡಗಿವಿ ಸೋರುತ್ತಿತ್ತು. ಮೊದಲ ದಿನವೇ ನೋಡಬೇಕಿತ್ತು, ನೋಡಲಿಲ್ಲ, ತಪ್ಪು ನನ್ನದು. ಕಿವಿ ವೈದ್ಯರ ಚಿಕಿತ್ಸೆಯಾದ ಮೇಲೆ ಆ ಹುಡುಗ ಮೊದಲ ಬೆಂಚಿನಲ್ಲಿ ಕೂತು ಕಲಿಯತೊಡಗಿದ. ಮಗು ದಡ್ಡನಾಗಿರಲಿಲ್ಲ, ಅವನಿಗೆ ಪಾಠ ಕೇಳಿಸುತ್ತಲೇ ಇರಲಿಲ್ಲ.

ಆದ್ದರಿಂದ ತಂದೆತಾಯಂದಿರಲ್ಲಿ ನನ್ನ ಮೊದಲ ವಿನಂತಿ: "ದಡ್ಡ" ಎನ್ನುವ ಮೊದಲು ಮಗುವಿನ ಕಿವಿ, ಕಣ್ಣು ಪರೀಕ್ಷಿಸಿ. ಮಗುವಿನ ಹಿಂದೆ ನಿಂತು, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ, ಮೆಲುದನಿಯಲ್ಲಿ ಹೆಸರು ಕರೆಯಿರಿ. ಟಿ.ವಿ.ಗೆ ಅಂಟಿಕೊಂಡು ಕೂರುತ್ತದೆಯೇ, ಕಣ್ಣು ಕಿರಿದು ಮಾಡಿ ನೋಡುತ್ತದೆಯೇ ಗಮನಿಸಿ. ಸೋರುವ ಕಿವಿಗೆ ಎಣ್ಣೆ, ಬೆಳ್ಳುಳ್ಳಿ ರಸ ಹಾಕಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗೆ ಬರುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ತರಗತಿಯಲ್ಲಿ ಏನು ನಡೆಯುತ್ತದೆ?

"ಎರಡು ತಿಂಗಳಾಯಿತು, ಅ ಆ ಇ ಈ ಕೂಡ ಬರೆಯಲು ಬರುವುದಿಲ್ಲ" ಎಂದು ಅನೇಕರು ಕಳವಳಪಡುತ್ತಾರೆ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಕಲಿಕೆ ಅಲ್ಲಿಂದ ಶುರುವಾಗುವುದೇ ಇಲ್ಲ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ಕಂಡುಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭಿಸಿದ 'ನಲಿ-ಕಲಿ' 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂದಿದೆ. ಇಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಈ ಐದರಿಂದಲೇ ಮಗು ಸರ, ದರ, ಅರಸ, ಗರಗಸ ಎಂದು ಪದಗಳನ್ನು ಓದಬಹುದು. ಐವತ್ತು ಅಕ್ಷರ ಬಾಯಿಪಾಠವಾಗುವವರೆಗೆ ಕಾಯಬೇಕಿಲ್ಲ. ಮಕ್ಕಳು ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ಕಲಿಕಾ ಏಣಿಯ ಮೆಟ್ಟಿಲನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಮನೆಯಲ್ಲಿ ನೀವು ಬೇರೆ ಕ್ರಮ ಹಿಡಿದು ಹೊಡೆದು ಬರೆಸಿದರೆ ಮಗುವಿಗೆ ಎರಡೂ ಗೊಂದಲ. ಮಗು ಯಾವ ಮೆಟ್ಟಿಲಲ್ಲಿದೆ ಎಂದು ಟೀಚರನ್ನು ಕೇಳಿ, ಅದನ್ನೇ ಆಡಿಸಿ.

ನಮ್ಮ ಮನೆಗಳಲ್ಲಿ ಇನ್ನೊಂದು ವಿಷಯವಿದೆ. ಮನೆಮಾತು ದಖನಿ ಉರ್ದು, ಶಾಲೆಯ ಮಾತು ಕನ್ನಡ. ನಮ್ಮ ಮಕ್ಕಳ ನಾಲಿಗೆಗೆ ಳ, ಣ ಹೊಸವು. ಕಬ್ಬಾಳು 'ಕಬ್ಬಾಲು' ಆಗುತ್ತದೆ, ಹಳ್ಳಿ 'ಹಲ್ಲಿ' ಆಗುತ್ತದೆ. ಇದು ಬುದ್ಧಿಯ ದೋಷವಲ್ಲ, ನಗಬೇಡಿ. ಮದ್ರಸದ ಖಾಯಿದಾ ಬಲದಿಂದ ಎಡಕ್ಕೆ ಓದುವಂಥದ್ದು, ಕನ್ನಡ ಎಡದಿಂದ ಬಲಕ್ಕೆ. ಎರಡೂ ಪುಸ್ತಕ ಪಕ್ಕದಲ್ಲಿಟ್ಟು, ಎಲ್ಲಿಂದ ಶುರು ಎಂದು ಬೆರಳಿಟ್ಟು ತೋರಿಸಿದರೆ ಸಾಕು. ಈ ವಯಸ್ಸಿನಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಸಾಮಾನ್ಯ. ಬಹುತೇಕ ಮಕ್ಕಳಲ್ಲಿ ತಾನಾಗಿ ಸರಿಹೋಗುತ್ತದೆ.

ಆರು ಅಗತ್ಯಗಳು

ಯುನಾನಿ ವೈದ್ಯದಲ್ಲಿ ಆರೋಗ್ಯದ ಆಧಾರವಾಗಿ 'ಅಸ್ಬಾಬೆ ಸಿತ್ತಾ ಜರೂರಿಯಾ' ಎಂಬ ಆರು ಅಗತ್ಯಗಳನ್ನು ಹೇಳುತ್ತಾರೆ. ಒಂದನೇ ತರಗತಿಯ ಮಗುವಿಗೆ ಇವು ಹೀಗೆ ಅನ್ವಯಿಸುತ್ತವೆ.

1. ಗಾಳಿ: ರೇಷ್ಮೆ ನೂಲು ತೆಗೆಯುವ ಒಲೆಯ ಹೊಗೆ, ಅಡುಗೆಯ ಸೌದೆ ಹೊಗೆ, ಬೀಡಿ ಹೊಗೆ ಇರುವ ಕಡೆ ಮಗುವನ್ನು ಓದಲು, ಮಲಗಲು ಬಿಡಬೇಡಿ. ರಾತ್ರಿಯಿಡೀ ಕೆಮ್ಮುವ ಮಗು ಹಗಲು ತರಗತಿಯಲ್ಲಿ ತೂಕಡಿಸುತ್ತದೆ. ಕಿಟಕಿಯ ಪಕ್ಕ ಒಂದು ಚಾಪೆಯ ಜಾಗ ಸಾಕು.

2. ಆಹಾರ, ಪಾನೀಯ: ಚಹಾ-ಬನ್ ನಾಷ್ಟಾ ಅಲ್ಲ. ಆಹಾರದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಕಬ್ಬಿಣ ಕಡಿಮೆಯಾದ ಮಗುವಿಗೆ ಸುಸ್ತು, ಗಮನ ನಿಲ್ಲುವುದಿಲ್ಲ. ರಾಗಿ ರೊಟ್ಟಿ, ಮುದ್ದೆ, ಮೊಟ್ಟೆ, ಸೊಪ್ಪಿನ ಸಾರು, ಹೆಸರುಕಾಳು, ಎರಡು ಖರ್ಜೂರ, ಇವುಗಳಲ್ಲಿ ಮನೆಗೆ ಎಟಕುವುದನ್ನು ಕೊಡಿ. 2013ರಿಂದ ಕ್ಷೀರಭಾಗ್ಯದ ಹಾಲು ಶಾಲೆಯಲ್ಲೇ ಸಿಗುತ್ತಿದೆ, ಬಿಸಿಯೂಟವೂ ಇದೆ. ಕುಡಿಯಲು, ಉಣ್ಣಲು ಮಗುವಿಗೆ ಹೇಳಿ ಕಳಿಸಿ. ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ಜಗಿದು ನುಂಗಲಿ. ಐದರಿಂದ ಆರು ವರ್ಷದೊಳಗಿನ ಡಿ.ಪಿ.ಟಿ. ಬೂಸ್ಟರ್ ಆಗಿದೆಯೇ ಎಂದು ತಾಯಿ ಕಾರ್ಡು ತೆಗೆದು ನೋಡಿ.

3. ದೇಹದ ಚಲನೆ ಮತ್ತು ವಿಶ್ರಾಂತಿ: ಬರೆಯುವುದು ಬೆರಳಿನ ಕೆಲಸ. ಬೆರಳು ಬಲಿಯದೆ ಪೆನ್ಸಿಲು ನಿಲ್ಲದು. ಅವರೆಕಾಯಿ ಸುಲಿಯಲಿ, ಹುಣಸೆಬೀಜ ಎಣಿಸಲಿ, ಚಪಾತಿ ಹಿಟ್ಟು ನಾದಲಿ. ಮಗ್ಗಲಿನ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿಗಳನ್ನು ದಾರಕ್ಕೆ ಪೋಣಿಸುವುದರಲ್ಲಿ ಲೆಕ್ಕ, ಬಣ್ಣ, ಕೈಬೆರಳು ಮೂರೂ ಪಳಗುತ್ತವೆ. ಸಂಜೆ ಒಂದು ಗಂಟೆ ಓಡಾಡಿ ಆಡಲಿ.

4. ಮನಸ್ಸಿನ ಚಲನೆ ಮತ್ತು ವಿಶ್ರಾಂತಿ: ಹೆದರಿದ ಮನಸ್ಸಿಗೆ ಪಾಠ ಇಳಿಯುವುದಿಲ್ಲ. ಹೊಡೆತ, ಪಕ್ಕದ ಮನೆಯ ಮಗುವಿನೊಡನೆ ಹೋಲಿಕೆ ಎರಡನ್ನೂ ಬಿಡಿ. ಇಬ್ನ್ ಸೀನಾ (980–1037) ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಮಗುವನ್ನು ಆರನೇ ವಯಸ್ಸಿಗೆ ಗುರುವಿನ ಬಳಿ ಕಳಿಸಲು ಹೇಳುತ್ತಾರೆ. ಆದರೆ ಕ್ರಮೇಣ ರೂಢಿಸಬೇಕು, ಒಮ್ಮೆಗೇ ಪುಸ್ತಕಕ್ಕೆ ಕಟ್ಟಿಹಾಕಬಾರದು ಎಂದೂ ಎಚ್ಚರಿಸುತ್ತಾರೆ. ಸಾವಿರ ವರ್ಷದ ಹಿಂದಿನ ಈ ಮಾತು ನಮ್ಮ ಟ್ಯೂಷನ್ ಹುಚ್ಚಿಗೆ ಇಂದಿಗೂ ಮದ್ದು. ದಾದಿ, ನಾನಿಯರು ಮನೆಮಾತಿನಲ್ಲೇ ಕಥೆ ಹೇಳಲಿ. ಮನೆಮಾತಿನಲ್ಲಿ ಚೆನ್ನಾಗಿ ಮಾತಾಡುವ ಮಗು ಎರಡನೇ ಭಾಷೆಯನ್ನೂ ಬೇಗ ಹಿಡಿಯುತ್ತದೆ. ತಾಯಿಗೆ ಕನ್ನಡ ಓದಲು ಬಾರದಿದ್ದರೂ ಚಿಂತೆಯಿಲ್ಲ. "ಇವತ್ತು ಏನು ಕಲಿತೆ, ನನಗೂ ಹೇಳಿಕೊಡು" ಎಂದು ಕೇಳಿ. ಹೇಳಿಕೊಡುವಾಗ ಮಗುವಿನ ಕಲಿಕೆ ಗಟ್ಟಿಯಾಗುತ್ತದೆ.

5. ನಿದ್ರೆ ಮತ್ತು ಎಚ್ಚರ: ಆರು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಮುಂಜಾನೆ ಮಕ್ತಬಿಗೆ ಹೋಗುವ ಮಗುವಾದರೆ ಇಶಾ ಮುಗಿಯುವ ಹೊತ್ತಿಗೆ ಅದು ಹಾಸಿಗೆಯಲ್ಲಿರಬೇಕು. ಮಲಗುವ ಮುನ್ನ ಒಂದು ಗಂಟೆ ಮೊಬೈಲು ದೂರವಿರಲಿ, ದೊಡ್ಡವರದೂ ಕೂಡ. ಮಕ್ತಬ್, ಶಾಲೆ, ಟ್ಯೂಷನ್ ಮೂರನ್ನೂ ಒಂದೇ ದಿನಕ್ಕೆ ತುರುಕಿದರೆ ಆಟಕ್ಕೂ ನಿದ್ದೆಗೂ ಜಾಗವೇ ಉಳಿಯದು. ಉಸ್ತಾದರೊಡನೆ ಮಾತಾಡಿ ಸಮಯ ಹೊಂದಿಸಿಕೊಳ್ಳಿ. ಟ್ಯೂಷನ್ ಈ ವಯಸ್ಸಿಗೆ ಬೇಡ.

6. ವಿಸರ್ಜನೆ ಮತ್ತು ತಡೆ: ಇದನ್ನು ಯಾರೂ ಕೇಳುವುದಿಲ್ಲ. ಕನ್ನಡ ಬಾರದ ಮಗು ಕೇಳಲು ಹೆದರಿ ಮೂತ್ರ ತಡೆದುಕೊಳ್ಳುತ್ತದೆ. ನೀರು ಕುಡಿಯುವುದನ್ನೇ ಬಿಡುತ್ತದೆ. ಹೊಟ್ಟೆನೋವು, ಮಲಬದ್ಧತೆ, ಉರಿಮೂತ್ರ, ಕೊನೆಗೆ "ಶಾಲೆಗೆ ಹೋಗಲ್ಲ" ಎಂಬ ಹಟ. ಹೆಣ್ಣುಮಕ್ಕಳಲ್ಲಿ ಇದನ್ನು ಹೆಚ್ಚು ನೋಡಿದ್ದೇನೆ. ಆದ್ದರಿಂದ ಮೊದಲ ಅಕ್ಷರಕ್ಕಿಂತ ಮೊದಲು ಈ ಎರಡು ವಾಕ್ಯ ಕಲಿಸಿ: "ಮಿಸ್, ಒಂದಕ್ಕೆ ಹೋಗ್ಲಾ?" "ಮಿಸ್, ನೀರು ಕುಡೀಲಾ?" ಬೆಳಗ್ಗೆ ನಾಷ್ಟಾ ಆದ ಮೇಲೆ ಹತ್ತು ನಿಮಿಷ ಶೌಚಕ್ಕೆ ಕೂರುವ ರೂಢಿ ಮಾಡಿಸಿ. ಸ್ವತಃ ತೊಳೆದುಕೊಳ್ಳುವುದು, ಚಡ್ಡಿ-ಪೈಜಾಮದ ಲಾಡಿ ಬಿಚ್ಚಿ ಕಟ್ಟುವುದು, ಸೋಪು ಹಚ್ಚಿ ಕೈ ತೊಳೆಯುವುದು ಶಾಲೆಗೆ ಮುಂಚೆಯೇ ಬರಬೇಕು. ಶುಕ್ರವಾರ ಉಗುರು ಕತ್ತರಿಸುವ ದಿನ ಆಗಲಿ, ತಲೆಯ ಹೇನನ್ನೂ ಅಂದೇ ನೋಡಿ.

ಕೊನೆಯ ಮಾತು

ಕಿವಿ, ಕಣ್ಣು ಸರಿಯಿದ್ದು, ಈ ಆರೂ ನಡೆದು, ಕೆಲವು ತಿಂಗಳಾದರೂ ಮಗು ಮಾತಿನಲ್ಲಿ, ಕಲಿಕೆಯಲ್ಲಿ ತೀರಾ ಹಿಂದೆ ಎನಿಸಿದರೆ ಮುಚ್ಚಿಡಬೇಡಿ. ಟೀಚರೊಡನೆ ಮಾತಾಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಬೇಗ ಗೊತ್ತಾದಷ್ಟೂ ನೆರವು ಸುಲಭ.

ಖಮೀರಾ ಈಗಲೂ ನನ್ನ ಕಪಾಟಿನಲ್ಲಿದೆ. ಆದರೆ ಈಗ ಅದನ್ನು ಕೇಳಿ ಬರುವ ಅಬ್ಬಾ, ಅಮ್ಮಿಯರಿಗೆ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ: ಮಗು ಎಷ್ಟು ಗಂಟೆಗೆ ಮಲಗುತ್ತದೆ? ಬೆಳಗ್ಗೆ ಏನು ತಿನ್ನುತ್ತದೆ? ಶಾಲೆಯಲ್ಲಿ ಒಂದಕ್ಕೆ ಹೋಗುತ್ತದೆಯೇ? ಆಮೇಲೆ ಕಿವಿ ನೋಡುತ್ತೇನೆ. ಹೆಚ್ಚಿನವರಿಗೆ ಡಬ್ಬಿ ಬೇಕಾಗುವುದೇ ಇಲ್ಲ.