ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಮಾಡಿಸುವ ಮುನ್ನ

ಟರ್ಬೊ ಒತ್ತಿ ಕಳಿಸಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವುದು ಇನ್‌ಟೇಕ್ ಮ್ಯಾನಿಫೋಲ್ಡ್. ಅದರಲ್ಲಿ ಕೂದಲೆಳೆಯ ಬಿರುಕಿದ್ದರೂ ಗಾಳಿ ಸೋರಿ ಎಂಜಿನ್ನಿನ ಎಳೆತ ಕುಗ್ಗುತ್ತದೆ, ಡೀಸೆಲ್ ಗಾಡಿಯಾದರೆ ಕಪ್ಪು ಹೊಗೆ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುವ ಸಿಂಧನೂರಿನಲ್ಲಿ ಈ ಮಾತು ಕಾರಿಗಷ್ಟೇ ಅಲ್ಲ, ಟರ್ಬೊ ಇರುವ ಕೊಯ್ಲು ಯಂತ್ರಕ್ಕೂ ಸಲ್ಲುತ್ತದೆ.

ಸಿಂಧನೂರಾಗಲಿ, ಮಸ್ಕಿ, ಲಿಂಗಸುಗೂರಾಗಲಿ, ಟ್ರಾಲಿ, ಕುಂಟೆಗಳ ಕಬ್ಬಿಣ ಬೆಸೆದು ಪಳಗಿದ ಕೈಗೆ ಅಲ್ಯೂಮಿನಿಯಂ ಬೇರೆಯದೇ ಪಾಠ. ಲೋಹ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಅದರ ಮೇಲಿನ ಆಕ್ಸೈಡ್ ಪೊರೆಗೆ 2,000 ಡಿಗ್ರಿಗೂ ಮಿಕ್ಕಿದ ಕಾವು ಬೇಕು. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಸುವುದಿಲ್ಲ. ನೋಡುತ್ತಿದ್ದಂತೆ ಕುಸಿದು ತೂತು ಬೀಳುತ್ತದೆ. ಆದ್ದರಿಂದ ಎಸಿ ಕರೆಂಟಿನ ಟಿಗ್ ವೆಲ್ಡಿಂಗ್ ಯಂತ್ರ, ಶುದ್ಧ ಆರ್ಗಾನ್ ಗ್ಯಾಸ್ ಇರುವ ಕಡೆಗೇ ಕೆಲಸ ಕೊಡಬೇಕು. ಎಣ್ಣೆ ಜಿಡ್ಡನ್ನು ಅಸಿಟೋನ್‌ನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ, ಕಬ್ಬಿಣಕ್ಕೆ ಮುಟ್ಟಿಸದ ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಬೇಕು. ಬೆಸುಗೆ ಬೆಳ್ಳಿಯಂತೆ ಹೊಳೆದರೆ ಒಳ್ಳೆಯ ಗುರುತು. ಮಸಿ ಕಟ್ಟಿದರೆ ಕೊಳೆ ಉಳಿದಿದೆ, ಇಲ್ಲವೇ ಗ್ಯಾಸ್ ಸಾಲದು.

ಹೆಚ್ಚಿನವರು ಸೋಲುವುದು ಎಂಜಿನ್ನಿಗೆ ಬಿಗಿಯುವ ಚಪ್ಪಟೆ ಅಂಚಾದ ಫ್ಲಾಂಜ್‌ನಲ್ಲಿ. ಕಾವಿಗೆ ಅದು ಬಾಗುತ್ತದೆ. ದಪ್ಪ ಪ್ಲೇಟಿಗೆ ಬೋಲ್ಟ್ ಬಿಗಿದು, ಅಲ್ಲಲ್ಲಿ ಬಿಟ್ಟುಬಿಟ್ಟು ಬೆಸೆದು, ಪೂರ್ತಿ ಆರಿದ ಮೇಲೆಯೇ ಬಿಚ್ಚಬೇಕು; ಆಮೇಲೆ ಮುಖವನ್ನು ಮಿಲ್ಲಿಂಗ್ ಯಂತ್ರದಲ್ಲಿ ಸಮ ಮಾಡಿಸಬೇಕು. ಒಳಗೆ ಉಳಿದ ಒಂದು ಲೋಹದ ಚೂರು ಸಾಕು, ಸಿಲಿಂಡರ್ ಕೆಡಿಸಲು. ತೊಳೆದು, ಬಾಯಿಗಳನ್ನು ಮುಚ್ಚಿ, ಟರ್ಬೊ ಒತ್ತಡದಷ್ಟೇ ಗಾಳಿ ತುಂಬಿ, ಬೆಸುಗೆಯ ಮೇಲೆ ಸೋಪಿನ ನೀರು ಬಳಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ.