ಬ್ಯಾರಲ್ ನೀರಿಗೆ ಬೇವಿನ ಎಣ್ಣೆ ಬೇಡ

ಪ್ರಶ್ನೆ: ಸಾಲೋಟಗಿಯವರು ನಾವು. ನಳ ಬಂದಾಗ ಬ್ಯಾರಲ್ ತುಂಬಿಡುತ್ತೇವೆ. ಈಗ ಅದರಲ್ಲಿ ಸೊಳ್ಳೆಮರಿ ಆಡುತ್ತಿವೆ. ಡೆಂಗಿ ಭಯ. ಬೇವಿನ ಎಣ್ಣೆ ಹಾಕಲೇ?

ಉತ್ತರ: ಬೇವಿಗೆ ಮರಿ ಕೊಲ್ಲುವ ಶಕ್ತಿಯಿದೆ, ಆದರೆ ನಿಮ್ಮ ಬ್ಯಾರಲ್‌ಗೆ ಅದು ತಕ್ಕ ಮದ್ದಲ್ಲ. ಬೇವಿನ ಬೀಜದ ಅಜಾಡಿರಾಕ್ಟಿನ್ ಎಂಬ ಅಂಶ ಮರಿ ಪೊರೆ ಕಳಚುವುದನ್ನು ಕೆಡಿಸಿ ನಿಧಾನವಾಗಿ ಕೊಲ್ಲುತ್ತದೆ. ಬಿಸಿಲಿಗೆ ಅದರ ಕಸುವು ಬೇಗ ಇಳಿಯುತ್ತದೆ. ಗಾಣದ ಎಣ್ಣೆಯಂತೂ ಬೆರೆಯದೆ ತೇಲುತ್ತದೆ. ‘ಗಿಡದ್ದೇ ತಾನೆ, ಏನಾದೀತು?’ ಎನ್ನುವವರುಂಟು. ಆದರೆ ಬೇವಿನೆಣ್ಣೆ ಕುಡಿಸಿದ ಎಳೆಮಕ್ಕಳು ಗಂಭೀರವಾಗಿ ಅಸ್ವಸ್ಥರಾದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಕುಡಿಯುವ, ಅಡುಗೆಯ, ದನಕ್ಕಿಡುವ ನೀರಿಗೆ ಬೇಡವೇ ಬೇಡ. ಬಚ್ಚಲ ಗುಂಡಿಗೆ ಬೇಕಾದರೆ ಸಿದ್ಧ ಬೇವಿನ ದ್ರಾವಣವನ್ನು ಲೇಬಲ್ಲಿನ ಅಳತೆಯಂತೆ ಹಾಕಿ.

ಡೆಂಗಿ ತರುವ ಈಡಿಸ್ ಸೊಳ್ಳೆಯ ಮೊಟ್ಟೆ ಬೆಳೆದು ಸೊಳ್ಳೆಯಾಗಲು ಸುಮಾರು 7-10 ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಬ್ಯಾರಲ್ ಬರಿದು ಮಾಡಿ ಒಳಮೈ ತಿಕ್ಕಿ ತೊಳೆಯಿರಿ; ಅಲ್ಲಿ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ಬ್ಯಾರಲ್ ಬಾಯಿಗೆ ಬಟ್ಟೆ ಬಿಗಿಯಿರಿ. ಬರಿದು ಮಾಡಲಾಗದ ತೊಟ್ಟಿಗೆ ಮರಿ ಕೊಲ್ಲುವ ಟೆಮಿಫಾಸ್ ಮದ್ದು ಅಥವಾ ಮರಿ ತಿನ್ನುವ ಗಪ್ಪಿ ಮೀನು ಬೇಕೆಂದು ಆಶಾ ಕಾರ್ಯಕರ್ತೆಯರನ್ನು ಕೇಳಿ. ಯಾರಿಗಾದರೂ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ ಕಂಡರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ.