ಅಂಬಿಕಾನಗರದಲ್ಲಿ ರಿಗೊಲೆಟ್ಟೊ

ಕಾಳೀ ನದಿಯ ಕಣಿವೆಗೆ ಸಮೀಪದ ಅಂಬಿಕಾನಗರದಲ್ಲಿ ಮಳೆಗಾಲದ ಸಂಜೆ ಬೇಗನೆ ಕತ್ತಲಾಗುತ್ತದೆ. ನಾಗಝರಿ ವಿದ್ಯುದಾಗಾರದ ನೌಕರರಿಗಾಗಿ ಕಾಡಿನ ನಡುವೆ ಎದ್ದ ಊರು ಅದು. ಅಲ್ಲಿಯ ವಸತಿಗೃಹವೊಂದರಲ್ಲಿ ಅಂತಹ ಒಂದು ಸಂಜೆ ಅಜ್ಜನೂ ಒಂಬತ್ತನೆಯ ತರಗತಿಯ ಮೊಮ್ಮಗಳೂ ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತಿದ್ದರು. ಅಜ್ಜ ಹೊನ್ನಾವರದ ಕಡೆಯವರು. ಯಕ್ಷಗಾನ ನೋಡಿ ಬೆಳೆದವರು. ಅಂದು ಅವರು ನೋಡಲು ಕುಳಿತುದು ಇಟಲಿಯ ‘ರಿಗೊಲೆಟ್ಟೊ’ ಎಂಬ ಒಪೆರಾದ ಚಲನಚಿತ್ರವನ್ನು.

ಒಪೆರಾ ಎಂದರೆ ಸಂಗೀತ ನಾಟಕ. ನಮ್ಮ ಯಕ್ಷಗಾನದಲ್ಲಿ ಭಾಗವತರು ಪದ ಹಾಡುತ್ತಾರೆ. ವೇಷಧಾರಿ ಕುಣಿದು, ಬಳಿಕ ಅರ್ಥ ಹೇಳುತ್ತಾನೆ. ಒಪೆರಾದಲ್ಲಿ ಪಾತ್ರಧಾರಿಯೇ ಗಾಯಕ. ಸಿಟ್ಟು, ಸಂಚು, ಅಳಲು ಎಲ್ಲವೂ ಹಾಡಿನಲ್ಲಿಯೇ ನಡೆಯಬೇಕು. ಮೊದಲ ಸಲ ನೋಡುವವರಿಗೆ ಇದು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ತೆರೆಯ ಕೆಳಗೆ ಇಂಗ್ಲಿಷಿನಲ್ಲಿ ಮೂಡುತ್ತಿದ್ದ ಅರ್ಥವನ್ನು ಅಜ್ಜನಿಗೆ ಓದಿ ಹೇಳುತ್ತಿದ್ದ ಹುಡುಗಿ ನಡುವೆ ನಕ್ಕುಬಿಟ್ಟಳು.

“ಅಜ್ಜ, ಸಾಯುವವರೂ ಹಾಡುತ್ತಲೇ ಸಾಯುತ್ತಾರಂತೆ. ಅದು ಹೇಗೆ ಸಾಧ್ಯ?”

“ತೊಡೆ ಮುರಿದು ಬಿದ್ದ ಮೇಲೂ ಕೌರವ ಅರ್ಥ ಹೇಳುವುದಿಲ್ಲವೇ ತಂಗಿ? ಆಗ ನೀನು ನಗಲಿಲ್ಲವಲ್ಲ” ಎಂದರು ಅಜ್ಜ. ಕೆರೆಮನೆ ಶಿವರಾಮ ಹೆಗಡೆಯವರ ಕೌರವನನ್ನು ಕಂಡ ಕಣ್ಣುಗಳು ಅವು. ಹುಡುಗಿ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಈ ನಾಟಕಕ್ಕೆ ಸಂಗೀತ ರಚಿಸಿದವನು ಜೂಸೆಪ್ಪೆ ವೆರ್ದಿ. ಮಗಳನ್ನು 1838ರಲ್ಲಿ, ಮಗನನ್ನು 1839ರಲ್ಲಿ, ಹೆಂಡತಿಯನ್ನು 1840ರಲ್ಲಿ ಕಳೆದುಕೊಂಡವನು ಅವನು. ಕಥೆಯ ಮೂಲ ವಿಕ್ಟರ್ ಹ್ಯೂಗೋ ಬರೆದ ಫ್ರೆಂಚ್ ನಾಟಕ; 1832ರಲ್ಲಿ ಮೊದಲ ಪ್ರದರ್ಶನವಾದೊಡನೆಯೇ ಸರ್ಕಾರ ಅದನ್ನು ನಿಷೇಧಿಸಿತ್ತು. ದೊರೆಯನ್ನು ದುಷ್ಟನೆಂದು ತೋರಿಸಿದ್ದೇ ಅದರ ಅಪರಾಧ. ವೆನಿಸ್ ನಗರವು ಆಗ ಆಸ್ಟ್ರಿಯದ ಆಳ್ವಿಕೆಯಲ್ಲಿದ್ದುದರಿಂದ ವೆರ್ದಿಗೂ ಅದೇ ತೊಡಕು ಬಂದಿತು. ಫ್ರಾನ್ಸಿನ ರಾಜ ಮಾಂಟುವ ಎಂಬ ಚಿಕ್ಕ ಸಂಸ್ಥಾನದ ಪ್ರಭುವಾಗಿ ಬದಲಾದ ಮೇಲೆಯೇ, 1851ರ ಮಾರ್ಚ್ 11ರಂದು, ನಾಟಕವು ರಂಗವೇರಿತು.

ರಿಗೊಲೆಟ್ಟೊ ಆ ಪ್ರಭುವಿನ ಆಸ್ಥಾನದ ಗೂನುಬೆನ್ನಿನ ಹಾಸ್ಯಗಾರ. ಪ್ರಭುವು ಪರರ ಹೆಣ್ಣುಮಕ್ಕಳ ಮಾನಕ್ಕೆ ಬೆಲೆ ಕೊಡದ ವಿಲಾಸಿ. ಅವನಿಂದ ಮಗಳ ಬಾಳು ಕೆಟ್ಟ ಮೊಂಟೆರೋನೆ ಎಂಬ ವೃದ್ಧನು ನ್ಯಾಯ ಕೇಳಲು ಬಂದಾಗ ಹಾಸ್ಯಗಾರನು ಅವನನ್ನು ಹಂಗಿಸಿ ನಗುತ್ತಾನೆ. “ತಂದೆಯ ದುಃಖಕ್ಕೆ ನಕ್ಕವನೇ” ಎಂದು ಆ ವೃದ್ಧನು ಅವನಿಗೆ ಶಾಪ ಕೊಡುತ್ತಾನೆ. ನಕ್ಕವನೂ ಒಬ್ಬ ತಂದೆ. ಜಿಲ್ಡಾ ಎಂಬ ಒಬ್ಬಳೇ ಮಗಳನ್ನು ಊರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು ಸಾಕುತ್ತಿರುವವನು. ಬಡ ವಿದ್ಯಾರ್ಥಿಯ ವೇಷದಲ್ಲಿ ಬಂದ ಪ್ರಭುವಿಗೆ ಆ ಮುಗ್ಧೆ ಮನಸೋಲುತ್ತಾಳೆ.

ಅಜ್ಜ ಮತ್ತು ಮೊಮ್ಮಗಳು ನೋಡಿದುದು ಜಾನ್-ಪಿಯೆರ್ ಪೊನೆಲ್ 1982ರಲ್ಲಿ ಮಾಂಟುವ ಮತ್ತು ಅದರ ಸುತ್ತಮುತ್ತ ಚಿತ್ರೀಕರಿಸಿದ ಕೃತಿಯನ್ನು. ಪ್ರಭುವಿನ ಪಾತ್ರದಲ್ಲಿ ಲುಚಾನೊ ಪವರಾಟಿ, ಜಿಲ್ಡಾ ಆಗಿ ಎಡಿಟಾ ಗ್ರುಬೆರೋವಾ, ಹಾಸ್ಯಗಾರನಾಗಿ ಇಂಗ್ವಾರ್ ವಿಕ್ಸೆಲ್. ಇಲ್ಲಿ ಒಂದು ವಿಶೇಷವುಂಟು. ಶಾಪ ಕೊಡುವ ಮೊಂಟೆರೋನೆಯ ಪಾತ್ರವನ್ನೂ ವಿಕ್ಸೆಲ್ ಅವರೇ ವಹಿಸಿದ್ದಾರೆ. ಎದುರುಬದುರು ನಿಲ್ಲುವ ಇಬ್ಬರನ್ನು ಒಬ್ಬನೇ ನಟ ರಂಗದ ಮೇಲೆ ಅಭಿನಯಿಸಲಾರ; ಚಲನಚಿತ್ರಕ್ಕೆ ಮಾತ್ರ ಅದು ಸಾಧ್ಯ. ಶಪಿಸುವ ಮುಖವೂ ಶಾಪಕ್ಕೆ ಬೆದರುವ ಮುಖವೂ ಒಂದೇ! ದೂರದ ಆಸನದಲ್ಲಿ ಕುಳಿತವನಿಗೆ ಕಾಣಿಸದ ಕಣ್ಣಂಚಿನ ಅಂಜಿಕೆಯನ್ನೂ ಕ್ಯಾಮೆರಾ ಹತ್ತಿರ ತಂದು ತೋರಿಸುತ್ತದೆ.

ಚಿತ್ರವು ಇಷ್ಟನ್ನು ಕೊಡುವುದಾದರೂ, ಮನೆಯಲ್ಲಿ ನೋಡುವುದರಲ್ಲಿ ಒಂದು ಅಪಾಯವಿದೆ. ಬೇಕೆಂದಾಗ ನಿಲ್ಲಿಸಬಹುದು. ಯಕ್ಷಗಾನದ ಪ್ರೇಕ್ಷಕನಿಗೆ ಆ ಅಧಿಕಾರವಿಲ್ಲ. ಚಂಡೆಯ ಪೆಟ್ಟಿನೊಡನೆ ಅವನೂ ಸಾಗಬೇಕು. ಮೂರನೆಯ ಅಂಕ ಆರಂಭವಾದಾಗ ಅಡುಗೆಮನೆಯಿಂದ ಊಟಕ್ಕೆ ಕರೆ ಬಂದಿತು. ಹುಡುಗಿ ನಿಲ್ಲಿಸಹೋದಳು. ಅಜ್ಜ ಕೈಸನ್ನೆಯಿಂದಲೇ ಬೇಡವೆಂದರು.

ಅವರು ತಡೆದುದು ಒಳ್ಳೆಯದೇ ಆಯಿತು. ಆ ಅಂಕದಲ್ಲಿ ಪ್ರಭುವು ಹೆಣ್ಣಿನ ಮನಸ್ಸು ಚಂಚಲವೆಂದು ಲಘುವಾದ ಧಾಟಿಯಲ್ಲಿ ಹಾಡುತ್ತಾನೆ. ಒಮ್ಮೆ ಕೇಳಿದರೆ ನಾಲಗೆಯ ಮೇಲೆ ನಿಲ್ಲುವ ಹಾಡು ಅದು. ನಿಜಕ್ಕೂ ಚಂಚಲನಾದವನು ಹಾಡುವವನೇ ಎಂಬುದನ್ನು ಗಮನಿಸಬೇಕು. ಬಳಿಕ ಛತ್ರದ ಒಳಗೆ ಅವನು ಬೇರೊಬ್ಬಳನ್ನು ಒಲಿಸುತ್ತಿರುತ್ತಾನೆ. ಹೊರಗೆ ಜಿಲ್ಡಾ ಅದನ್ನು ಕಂಡು ಕುಸಿಯುತ್ತಾಳೆ. ತಂದೆ ಸೇಡಿನ ಮಾತಾಡುತ್ತಾನೆ. ನಾಲ್ವರೂ ಏಕಕಾಲದಲ್ಲಿ ನಾಲ್ಕು ಬಗೆಯಾಗಿ ಹಾಡುತ್ತಾರೆ. ನಾಲ್ವರು ಒಟ್ಟಿಗೆ ಮಾತಾಡಿದರೆ ಗದ್ದಲವಾದೀತು. ಇಲ್ಲಿ ನಾಲ್ಕು ಮನಸ್ಸುಗಳೂ ಬೇರೆಬೇರೆಯಾಗಿಯೇ ಕೇಳಿಸುತ್ತವೆ.

ಬಿರುಗಾಳಿ ಏಳುತ್ತದೆ. ತೆರೆಯ ಹಿಂದೆ ಗಂಡಸರ ಮೇಳವೊಂದು ಬಾಯಿ ಮುಚ್ಚಿ ಗುನುಗುವ ದನಿಯೇ ಆ ಗಾಳಿ. ಅಂಬಿಕಾನಗರದ ಆ ಮನೆಯ ಹೊರಗೂ ಮಳೆ ಸುರಿಯುತ್ತಿತ್ತು. ಯಾವ ಸದ್ದು ಒಳಗಿನದು, ಯಾವುದು ಹೊರಗಿನದು ಎಂದು ತಿಳಿಯದಾಯಿತು. ಪ್ರಭುವನ್ನು ಕೊಲ್ಲಲು ಹಾಸ್ಯಗಾರನು ಬಾಡಿಗೆಯ ಕೊಲೆಗಾರನನ್ನು ಗೊತ್ತುಮಾಡಿರುತ್ತಾನೆ. ಪ್ರಭುವಿಗೆ ಬದಲಾಗಿ, ನಡುರಾತ್ರಿಗೆ ಮುಂಚೆ ಬಾಗಿಲು ತಟ್ಟುವವರನ್ನು ಕೊಲ್ಲುವುದೆಂದು ಒಳಗೆ ನಿಶ್ಚಯವಾದುದನ್ನು ಕೇಳಿಸಿಕೊಂಡ ಜಿಲ್ಡಾ ತಾನೇ ಬಾಗಿಲು ತಟ್ಟುತ್ತಾಳೆ.

ತಂದೆಯ ಕೈಗೆ ಒಂದು ಚೀಲ ಬರುತ್ತದೆ. ಶತ್ರುವಿನ ಹೆಣವೆಂದು ಹಿಗ್ಗುತ್ತಾ ಅವನು ಅದನ್ನು ನದಿಗೆ ಎಸೆಯಬೇಕೆನ್ನುವಷ್ಟರಲ್ಲಿ ದೂರದಿಂದ ಅದೇ ಹಾಡು, ಅದೇ ದನಿ ತೇಲಿಬರುತ್ತದೆ. ಯಾರೂ ಏನನ್ನೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಕೇಳುಗನು ಆ ಧಾಟಿಯನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರೆ ಸಾಕು. ಹಾಸ್ಯಗಾರನ ಜೊತೆಗೆ ಅವನ ಎದೆಯೂ ಝಲ್ಲೆನ್ನುತ್ತದೆ. ನಡುವೆ ಎದ್ದು ಊಟ ಮಾಡಿ ಬಂದವನಿಗೆ ಅದು ಬರಿಯ ಹಾಡಿನ ಇನ್ನೊಂದು ಸರದಿ. ಚೀಲ ಬಿಚ್ಚಿದಾಗ ಉಸಿರು ಇನ್ನೂ ಉಳಿದಿದ್ದ ಮಗಳು ತಂದೆಯ ಕ್ಷಮೆ ಬೇಡಿ, ಹಾಡುತ್ತಲೇ ಪ್ರಾಣ ಬಿಡುತ್ತಾಳೆ.

ಇಂತಹ ಕೊನೆಯನ್ನು ನಮ್ಮ ಹಳೆಯ ನಾಟಕಗಳು ಸಾಮಾನ್ಯವಾಗಿ ಒಲ್ಲವು. ಗ್ರೀಕ್ ಮಾದರಿಯ ರುದ್ರನಾಟಕವನ್ನು ಕನ್ನಡಕ್ಕೆ ತಂದವರಲ್ಲಿ ಬಿ.ಎಂ.ಶ್ರೀಕಂಠಯ್ಯನವರು ಪ್ರಮುಖರು. ರನ್ನನ ಕಾವ್ಯದಿಂದ ಅವರು ‘ಗದಾಯುದ್ಧ ನಾಟಕಂ’ ರೂಪಿಸಿದರು; ಸೊಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿಸಿದರು. ಕೌರವನಿಗಾಗಿ ಮರುಗಬಲ್ಲವರಿಗೆ ರಿಗೊಲೆಟ್ಟೊ ಪರಕೀಯನಲ್ಲ.

ಚಿತ್ರ ಮುಗಿದ ಮೇಲೆ ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಶಾಲೆಗೆ ಹೊರಡಲು ಜಡೆ ಹೆಣೆದುಕೊಳ್ಳುತ್ತಿದ್ದ ಹುಡುಗಿ ತನಗೆ ಅರಿವಿಲ್ಲದೆಯೇ ಪ್ರಭುವಿನ ಹಾಡಿನ ಧಾಟಿಯನ್ನು ಗುನುಗತೊಡಗಿದಳು. ಎರಡು ಸಾಲು ಆಗುವಷ್ಟರಲ್ಲಿ ಅವಳ ಕೈ ತಟ್ಟನೆ ನಿಂತಿತು.